ಪಕ್ಕದ ಅಂಗಡಿಯ ಪಟ್ಟಿ, ನಮ್ಮ ಅಂಗಡಿಯ ಕೊರತೆ

ವೆಬ್‌ಸೈಟ್ ಇಟ್ಟುಕೊಂಡ ವ್ಯಾಪಾರಿಗಳ ಕೈಗೆ ಇತ್ತೀಚೆಗೆ ತಪ್ಪದೆ ಒಂದು ಎಕ್ಸೆಲ್ ಕಡತ ಬಂದು ಬೀಳುತ್ತದೆ. ಅದರ ಹೆಸರು ‘ಕಂಟೆಂಟ್ ಗ್ಯಾಪ್ ರಿಪೋರ್ಟ್’. ಒಂದು ಕಾಲಂನಲ್ಲಿ ಪ್ರತಿಸ್ಪರ್ಧಿಯ ಸೈಟು ಗೂಗಲ್‌ನಲ್ಲಿ ಕಾಣಿಸಿಕೊಳ್ಳುವ ನೂರಾರು ಕೀವರ್ಡುಗಳು. ಅದರ ಮಗ್ಗುಲಲ್ಲಿ ನಿಮ್ಮ ಸೈಟಿನ ಎದುರು ಸಾಲುಗಟ್ಟಿದ ಕೆಂಪು ಸೊನ್ನೆಗಳು. ‘ನೋಡಿ ಸಾರ್, ಇಷ್ಟು ಜಾಗ ಖಾಲಿ ಇದೆ. ತಿಂಗಳಿಗೆ ಇಪ್ಪತ್ತು ಬ್ಲಾಗ್ ಹಾಕ್ತಾ ಹೋದ್ರೆ ಒಂದು ವರ್ಷದಲ್ಲಿ ತುಂಬಿಬಿಡುತ್ತೆ’ ಎನ್ನುತ್ತಾನೆ ಏಜೆನ್ಸಿಯ ಹುಡುಗ. ಯಜಮಾನರು ಕೆಂಪು ಬಣ್ಣ ನೋಡಿಯೇ ಅರ್ಧ ಹೆದರಿರುತ್ತಾರೆ, ಒಪ್ಪಿಬಿಡುತ್ತಾರೆ.

ಪ್ರತಿಸ್ಪರ್ಧಿಯ ಬಳಿ ಇದ್ದು ನಮ್ಮ ಬಳಿ ಇಲ್ಲದ್ದೆಲ್ಲ ನಮ್ಮ ಕೊರತೆ ಎಂಬ ಈ ನಂಬಿಕೆ ನನ್ನ ತಾಳ್ಮೆ ಕೆಡಿಸಿದಷ್ಟು ಬೇರಾವುದೂ ಕೆಡಿಸಿಲ್ಲ. ಪಕ್ಕದ ಮನೆಯವರ ಸಂತೆ ಚೀಟಿ ಕದ್ದು ಓದಿ, ನಮ್ಮ ಅಡುಗೆಮನೆಯಲ್ಲಿ ಏನು ಮುಗಿದಿದೆ ಎಂದು ತೀರ್ಮಾನಿಸುವ ಬುದ್ಧಿವಂತಿಕೆ ಇದು.

ಉಪಕರಣಗಳದ್ದು ತಪ್ಪೇನಿಲ್ಲ. ಅಹ್ರೆಫ್ಸ್, ಸೆಮ್‌ರಶ್‌ನಂಥವು ಎರಡು ಸೈಟುಗಳನ್ನು ಅಕ್ಕಪಕ್ಕ ಇಟ್ಟು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ಹೇಳುತ್ತವೆ. ಕೇಳಿದ್ದಕ್ಕೆ ಉತ್ತರ ಕೊಟ್ಟಿವೆ, ಅಷ್ಟೆ. ಆದರೆ ಹೋಲಿಕೆಯ ಲೆಕ್ಕದಲ್ಲಿ ಒಂದು ತೊಡಕಿದೆ. ಯಾರೋ ಒಬ್ಬರಾದರೂ ಬರೆದಿದ್ದರೆ ಮಾತ್ರ ಆ ವಿಷಯ ಪಟ್ಟಿಗೆ ಬರುತ್ತದೆ. ಇಬ್ಬರೂ ಬರೆಯದೆ ಬಿಟ್ಟದ್ದು ಆ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ. ಮೇಲಾಗಿ ಆ ಪ್ರತಿಸ್ಪರ್ಧಿಯೂ ಇಂಥದ್ದೇ ರಿಪೋರ್ಟು ತರಿಸಿಕೊಂಡು ಮೂರನೆಯವನನ್ನು ನಕಲು ಮಾಡಿರುತ್ತಾನೆ, ಆ ಮೂರನೆಯವನು ನಿಮ್ಮದನ್ನೇ ನೋಡಿ ಬರೆದಿದ್ದರೂ ಆಶ್ಚರ್ಯವಿಲ್ಲ. ಒಂದೇ ಕಸುಬಿನ ಹತ್ತು ಸೈಟು ತೆರೆದರೆ ಹತ್ತರಲ್ಲೂ ಅದೇ ‘ಐದು ಪ್ರಯೋಜನಗಳು’ ಸಿಗುವುದು ಹೀಗೆ.

ಇಳಕಲ್ ಸೀರೆ ಮಾರುವ ಅಂಗಡಿಯೊಂದನ್ನು ತೆಗೆದುಕೊಳ್ಳಿ. ರಿಪೋರ್ಟಿನ ಪ್ರಕಾರ ಅದರ ಸೈಟಿನಲ್ಲಿ ಇಲ್ಲದ್ದು ‘ಮದುವೆಗೆ ಸೀರೆ ಉಡುವ ಹತ್ತು ಬಗೆ’, ‘ಈ ವರ್ಷದ ಬ್ಲೌಸ್ ಡಿಸೈನ್’, ‘ಹಬ್ಬಕ್ಕೆ ಯಾವ ಬಣ್ಣ ಶುಭ’. ದೊಡ್ಡ ಮಳಿಗೆಗಳ ಸೈಟುಗಳಲ್ಲಿ ಇವೆಲ್ಲ ಇವೆ, ಹುಡುಕುವವರೂ ವಿಪರೀತ ಇದ್ದಾರೆ. ಅಂಗಡಿಯ ಫೋನಿಗೆ ಬರುವ ಪ್ರಶ್ನೆಗಳೇ ಬೇರೆ. ‘ಸೆರಗು ಖರೇ ರೇಷ್ಮಿ ಏನ್ರಿ, ಆರ್ಟ್ ಸಿಲ್ಕ್ ಏನ್ರಿ?’ ‘ಕೈಮಗ್ಗದ್ದೋ, ಪವರ್‌ಲೂಮಿಂದೋ?’ ‘ನೀರಿಗೆ ಹಾಕಿದ್ರ ಬಣ್ಣ ಬಿಡತೈತೇನ್ರಿ?’ ‘ನಮ್ಮ ಅವ್ವಗ ಒಂಬತ್ತು ವಾರಿದು ಬೇಕಾಗಿತ್ತು, ಸಿಗತೈತಿ?’

ಸೈಟಿನಲ್ಲಿ ಇದಕ್ಕೆಲ್ಲ ಏನು ಉತ್ತರವಿದೆ? ‘ಉತ್ತಮ ಗುಣಮಟ್ಟದ ಅಪ್ಪಟ ಇಳಕಲ್ ಸೀರೆಗಳು’ ಎಂಬ ಒಂದು ಸಾಲು, ಕೆಳಗೆ ಒಂದು ‘ವಿಚಾರಿಸಲು ಕರೆ ಮಾಡಿ’ ಬಟನ್ನು. ಒಡಲು ಹತ್ತಿಯೋ ರೇಷ್ಮೆಯೋ ಎಂಬುದರ ಮೇಲೆ ಬೆಲೆ ಎಷ್ಟೊಂದು ಬದಲಾಗುತ್ತದೆ, ಅದರ ಸುಳಿವಿಲ್ಲ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕುಣಿಕೆ ಹಾಕಿ ಕೂಡಿಸುವುದು ಇಳಕಲ್ ನೇಯ್ಗೆಯ ಹೆಗ್ಗುರುತು. ಆ ಕೂಡಿಕೆಯನ್ನು ಹತ್ತಿರದಿಂದ ತೆಗೆದ ಒಂದು ಫೋಟೊ, ಎರಡು ಸಾಲಿನ ವಿವರಣೆ ಇದ್ದಿದ್ದರೆ ದೂರದ ಪುಣೆಯಲ್ಲಿ ಕೂತ ಗಿರಾಕಿಗೆ ಎಷ್ಟೋ ಧೈರ್ಯ ಬರುತ್ತಿತ್ತು. ಅದು ಯಾವ ಪ್ರತಿಸ್ಪರ್ಧಿಯ ಪುಟದಲ್ಲೂ ಇಲ್ಲದಿದ್ದರೆ ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ಹೀಗಾಗಿ ಅಂಗಡಿಯವರು ದುಡ್ಡು ಕೊಟ್ಟು ಹಬ್ಬದ ಬಣ್ಣಗಳ ಬಗ್ಗೆ ಬರೆಸುತ್ತಾರೆ. ಅದನ್ನು ಓದಿದವರು ಬಣ್ಣ ಆರಿಸಿಕೊಂಡು ಬೇರೆಲ್ಲೋ ಸೀರೆ ಕೊಳ್ಳುತ್ತಾರೆ.

ನಿಜವಾದ ಕೊರತೆಗಳ ಪಟ್ಟಿ ಬಹುತೇಕ ಅಂಗಡಿಗಳಲ್ಲಿ ಆಗಲೇ ತಯಾರಿದೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ‘ಕ್ವಿಕ್ ರಿಪ್ಲೈ’ ಎಂಬ ಸೌಲಭ್ಯವಿದೆಯಲ್ಲ, ಕೌಂಟರಿನ ಹುಡುಗಿ ದಿನಾ ಅದನ್ನೇ ಟೈಪ್ ಮಾಡಿ ಬೇಸತ್ತು ಅಲ್ಲಿ ಉತ್ತರಗಳನ್ನು ಉಳಿಸಿಟ್ಟಿರುತ್ತಾಳೆ. ವಾಪಸ್ ತೆಗೆದುಕೊಳ್ಳುತ್ತೀರಾ, ಕೊರಿಯರ್ ಎಷ್ಟು ದಿನ, ಫಾಲ್ಸ್ ಹಚ್ಚಿ ಕೊಡುತ್ತೀರಾ. ಇವುಗಳಲ್ಲಿ ಸೈಟಿನಲ್ಲಿ ಯಾವುದಿಲ್ಲವೋ ಅದೇ ಗ್ಯಾಪು. ಸೈಟಿನ ಒಳಗೇ ಹುಡುಕುವ ಪೆಟ್ಟಿಗೆ ಇದ್ದರೆ, ಅದರಲ್ಲಿ ಜನ ಟೈಪ್ ಮಾಡಿ ಏನೂ ಸಿಗದೆ ಹೋದ ಪದಗಳು ಇನ್ನೊಂದು ಪಟ್ಟಿ. ಗೂಗಲ್‌ನ ಸರ್ಚ್ ಕನ್ಸೋಲ್ 16 ತಿಂಗಳ ದಾಖಲೆಯನ್ನು ಪುಕ್ಕಟೆ ಕೊಡುತ್ತದೆ. ಯಾವ ಹುಡುಕಾಟಕ್ಕೆ ನಿಮ್ಮ ಪುಟ ಸಾಕಷ್ಟು ಸಲ ಕಾಣಿಸಿಯೂ ಯಾರೂ ಕ್ಲಿಕ್ ಮಾಡಿಲ್ಲವೋ ಆ ಸಾಲುಗಳ ಮುಂದೆ ಸ್ವಲ್ಪ ಹೊತ್ತು ಕೂರಿ. ‘ಒಂಬತ್ತು ವಾರಿ’ ಎಂದು ಹುಡುಕಿದವರಿಗೆ ನಿಮ್ಮ ಪುಟ ಕಾಣಿಸಿದೆ, ಪುಟದಲ್ಲಿ ಉದ್ದದ ಮಾತೇ ಇಲ್ಲ. ಅವರು ಮುಂದೆ ಹೋಗದೆ ಏನು ಮಾಡಿಯಾರು? ಕನ್ಸೋಲ್‌ಗೂ ಮಿತಿಗಳಿವೆ. ನಿಮ್ಮ ಪುಟ ಕಾಣಿಸಿಕೊಂಡ ಹುಡುಕಾಟಗಳನ್ನಷ್ಟೇ ಅದು ಬಲ್ಲದು, ತೀರಾ ಅಪರೂಪದವನ್ನು ಖಾಸಗಿತನದ ಕಾರಣಕ್ಕೆ ಮರೆಮಾಡುತ್ತದೆ. ಅದಕ್ಕೇ ಫೋನು ಎತ್ತುವವರನ್ನು ಕೇಳಲೇಬೇಕು. ರಿಪೋರ್ಟು ತಯಾರಿಸಿದವರಲ್ಲಿ ಯಾರೂ ಅವರನ್ನು ಕೇಳಿದ್ದನ್ನು ನಾನು ಕಂಡಿಲ್ಲ.

ಇಲ್ಲಿಗೆ ಬಂದಾಗ ಇನ್ನೊಂದು ನಂಬಿಕೆ ತಲೆ ಎತ್ತುತ್ತದೆ. ‘ಆ ಪ್ರಶ್ನೆಗೆ ಸರ್ಚ್ ವಾಲ್ಯೂಮ್ ಸೊನ್ನೆ ತೋರಿಸುತ್ತಿದೆ, ಬರೆದು ಪ್ರಯೋಜನವಿಲ್ಲ.’ ವಾಲ್ಯೂಮ್, ಅಂದರೆ ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆ ಎಂಬ ಲೆಕ್ಕ, ಬರೀ ಅಂದಾಜು. ಜಾಹೀರಾತಿಗೆ ಖರ್ಚು ಮಾಡದವರಿಗೆ ಗೂಗಲ್‌ನದೇ ಕೀವರ್ಡ್ ಪ್ಲಾನರ್ ಕೂಡ ಸಾಮಾನ್ಯವಾಗಿ ಹತ್ತರಿಂದ ನೂರು, ನೂರರಿಂದ ಸಾವಿರ ಎಂದು ಹಾರಿಕೆಯ ಉತ್ತರ ಕೊಡುತ್ತದೆ. ದಿನವೂ ಬರುವ ಹುಡುಕಾಟಗಳಲ್ಲಿ ಸುಮಾರು 15% ಹಿಂದೆಂದೂ ಬಂದಿರದಂಥವು ಎಂದು ಗೂಗಲ್ ಹಲವು ವರ್ಷಗಳಿಂದ ಹೇಳುತ್ತಲೇ ಇದೆ. ಹಿಂದೆಂದೂ ಬಾರದ್ದಕ್ಕೆ ಹಳೆಯ ಅಂಕಿ ಎಲ್ಲಿಂದ ಬರಬೇಕು? ನಮ್ಮ ಜನ ಕನ್ನಡದ ಪ್ರಶ್ನೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಟೈಪಿಸುತ್ತಾರೆ. ಒಂದೇ ಪ್ರಶ್ನೆ ನೂರು ಚೂರಾಗಿ, ಪ್ರತಿ ಚೂರಿನ ಎದುರೂ ಸೊನ್ನೆ ಕೂರುತ್ತದೆ. ವಾರಕ್ಕೆ ನಾಲ್ಕು ಜನ ಫೋನಿನಲ್ಲಿ ಕೇಳುವ ಪ್ರಶ್ನೆಯನ್ನು ‘ಯಾರೂ ಕೇಳುವುದಿಲ್ಲ’ ಎಂದು ಯಂತ್ರ ಹೇಳಿದರೆ, ಯಂತ್ರವನ್ನು ನಂಬಿ ಕಿವಿಯನ್ನು ಅನುಮಾನಿಸುವವರಿಗೆ ನಾನೇನು ಹೇಳಲಿ.

ಉಳಿದ ನಂಬಿಕೆಗಳು ಬೇಗ ಮುಗಿಯುತ್ತವೆ. ಲೇಖನ ಎರಡು ಸಾವಿರ ಪದ ಇದ್ದರೇ ಗೂಗಲ್ ಮೆಚ್ಚುತ್ತದೆ ಎನ್ನುತ್ತಾರೆ. ತನಗೆ ಇಷ್ಟೇ ಪದ ಬೇಕೆಂಬ ಲೆಕ್ಕವಿಲ್ಲ ಎಂದು ಗೂಗಲ್ ತನ್ನ ಸೂಚನೆಗಳಲ್ಲೇ ಬರೆದಿಟ್ಟಿದೆ. ಕೀವರ್ಡುಗಳನ್ನು ‘ಮೆಟಾ ಕೀವರ್ಡ್ಸ್’ ಟ್ಯಾಗ್‌ಗೆ ತುರುಕಿದರೆ ಕೊರತೆ ತುಂಬುತ್ತದೆ ಎನ್ನುವವರು ಇನ್ನೂ ಇದ್ದಾರೆ, ಆ ಟ್ಯಾಗನ್ನು ನೋಡುವುದಿಲ್ಲ ಎಂದು ಗೂಗಲ್ ಸಾರಿದ್ದು 2009ರಲ್ಲಿ! ಮೈಸೂರಿಗೊಂದು, ಹುಬ್ಬಳ್ಳಿಗೊಂದು, ದಾವಣಗೆರೆಗೊಂದು ಎಂದು ಊರಿನ ಹೆಸರಷ್ಟೇ ಬದಲಿಸಿದ ಪುಟಗಳನ್ನು ‘ಡೋರ್‌ವೇ’ ಎಂದು ಕರೆದು ಗೂಗಲ್ ಸ್ಪ್ಯಾಮ್ ಸಾಲಿಗೆ ಸೇರಿಸಿದೆ. ಎಐಗೆ ಹೇಳಿ ರಾತ್ರೋರಾತ್ರಿ ಐನೂರು ಪುಟ ಸುರಿಯುವವರಿಗಾಗಿಯೇ ಎನ್ನುವಂತೆ, ಯಾರಿಗೂ ಉಪಯೋಗವಿಲ್ಲದ ಪುಟಗಳನ್ನು ರಾಶಿ ಹಾಕುವುದರ ವಿರುದ್ಧ 2024ರ ಮಾರ್ಚ್‌ನಲ್ಲಿ ನಿಯಮ ಬಂತು. ಪ್ರತಿ ಕೊರತೆಗೂ ಹೊಸ ಪುಟ ಬೇಕು ಎಂಬುದೂ ಸುಳ್ಳು, ಎಷ್ಟೋ ಸಲ ಇರುವ ಪುಟಕ್ಕೆ ಒಂದು ಸಾಲು ಸೇರಿಸಿದರೆ ಸಾಕು. ಇನ್ನು ‘ಡೊಮೇನ್ ಅಥಾರಿಟಿ’ ಹೆಚ್ಚಿಸುತ್ತೇವೆ ಎಂದು ಬರುವವರಿಗೆ ಚಹಾ ಕೊಟ್ಟು ಕಳಿಸಿ. ಅದು ಮೋಜ್ ಎಂಬ ಖಾಸಗಿ ಕಂಪನಿಯ ಸ್ವಂತ ಅಂಕಿ, ಗೂಗಲ್‌ನದಲ್ಲ.

ಇದನ್ನೆಲ್ಲ ನಂಬುವ ಯಜಮಾನರೇನು ದಡ್ಡರಲ್ಲ. ಮೂರು ತಲೆಮಾರಿನಿಂದ ಗಲ್ಲೆಯ ಮೇಲೆ ಕೂತವರು, ನೂಲನ್ನು ಬೆರಳಲ್ಲಿ ಹೊಸೆದು ಕಲಬೆರಕೆ ಪತ್ತೆ ಮಾಡುವವರು. ಸಗಟು ವ್ಯಾಪಾರಿ ‘ಅಪ್ಪಟ ರೇಷ್ಮೆ’ ಎಂದರೆ ಒಂದು ಎಳೆ ಸುಟ್ಟು ವಾಸನೆ ನೋಡದೆ ದುಡ್ಡು ಬಿಚ್ಚುವುದಿಲ್ಲ. ಅವರೇ ಬಣ್ಣಬಣ್ಣದ ಗ್ರಾಫಿನ ಮುಂದೆ ಮಗುವಿನ ಹಾಗೆ ಕೂತುಬಿಡುತ್ತಾರೆ. ಈ ಅಂಕಿ ಎಲ್ಲಿಂದ ಬಂತು, ಯಾರು ಎಣಿಸಿದರು ಎಂದು ಒಬ್ಬರೂ ಕೇಳುವುದಿಲ್ಲ. ಕಂಪ್ಯೂಟರಿನಿಂದ ಬಂದದ್ದನ್ನು ಪ್ರಶ್ನಿಸಿದರೆ ಎಲ್ಲಿ ತಾವು ಹಳಬರೆನಿಸಿಬಿಡುತ್ತೇವೋ ಎಂಬ ಅಳುಕು ಇರಬೇಕು. ಬಾಯಿಮಾತಿನಲ್ಲಿ ಹೇಳಿದ್ದರೆ ನಕ್ಕುಬಿಡುತ್ತಿದ್ದ ಸಂಗತಿ ಪಿಡಿಎಫ್ ಆಗಿ ಬಂದರೆ ಸತ್ಯವಾಗುತ್ತದೆ.

ಈ ಭಯಭಕ್ತಿ ಒಂದೇ ಒಂದು ಕಡೆ ಕೆಲಸ ಮಾಡುವುದಿಲ್ಲ, ಬೆಲೆಯ ವಿಷಯದಲ್ಲಿ. ಗಿರಾಕಿಗಳು ಎಲ್ಲಕ್ಕಿಂತ ಮೊದಲು ಕೇಳುವುದು ಬೆಲೆ, ಸೈಟಿನಲ್ಲಿ ಇಲ್ಲದಿರುವುದೂ ಅದೇ. ಅದನ್ನು ಹಾಕಿ ಎಂದರೆ ಮಾತ್ರ ಯಜಮಾನರು ಗಟ್ಟಿಯಾಗಿ ತಲೆ ಅಲ್ಲಾಡಿಸುತ್ತಾರೆ: ‘ಪಕ್ಕದವನು ನೋಡ್ತಾನಲ್ಲ!’ ಪಕ್ಕದವನು ಗಿರಾಕಿಯ ಸೋಗಿನಲ್ಲಿ ಫೋನ್ ಮಾಡಿ ಯಾವಾಗಲೋ ತಿಳಿದುಕೊಂಡಿದ್ದಾನೆ ಸ್ವಾಮಿ. ಬೆಲೆ ಬರೆದವರೊಬ್ಬರ ಕಥೆ ಕೇಳಿ. ಅಮೆರಿಕದ ವರ್ಜೀನಿಯಾದಲ್ಲಿ ಮನೆಯಂಗಳದಲ್ಲಿ ಈಜುಕೊಳ ಕೂರಿಸುವ ‘ರಿವರ್ ಪೂಲ್ಸ್’ ಎಂಬ ಕಂಪನಿಯಿದೆ. 2008ರ ಆರ್ಥಿಕ ಕುಸಿತದಲ್ಲಿ ಅದು ಬಾಗಿಲು ಹಾಕುವ ಹಂತಕ್ಕೆ ಬಂದಿತ್ತು. ಪಾಲುದಾರ ಮಾರ್ಕಸ್ ಶೆರಿಡನ್ ಮಾಡಿದ್ದಿಷ್ಟೇ: ಗಿರಾಕಿಗಳು ಕೇಳುತ್ತಿದ್ದ ಒಂದೊಂದೇ ಪ್ರಶ್ನೆಗೆ ಸೈಟಿನಲ್ಲಿ ಉತ್ತರ ಬರೆಯುತ್ತ ಹೋದ. ಫೈಬರ್‌ಗ್ಲಾಸ್ ಕೊಳಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದೂ ಅದರಲ್ಲಿತ್ತು, ಆ ಕಸುಬಿನವರು ಬರೆಯಲು ಹಿಂಜರಿಯುತ್ತಿದ್ದ ಪ್ರಶ್ನೆ. ಕಂಪನಿ ಉಳಿಯಿತು. ಆತ 2017ರಲ್ಲಿ ‘ದೇ ಆಸ್ಕ್, ಯು ಆನ್ಸರ್’ ಎಂದು ಪುಸ್ತಕವನ್ನೇ ಬರೆದ.

‘ನಮ್ಮಲ್ಲಿ ಒಂದೇ ಬೆಲೆ ಅಂತ ಇಲ್ಲ, ಸೀರೆಗೆ ತಕ್ಕಂತೆ’ ಎಂಬ ಉತ್ತರ ನನಗೂ ಬಾಯಿಪಾಠ. ಸರಿ, ಅದನ್ನೇ ಬರೆಯಿರಿ. ಒಡಲು ಹತ್ತಿಯಾದರೆ ಇಷ್ಟರಿಂದ ಇಷ್ಟು, ಪೂರ್ತಿ ರೇಷ್ಮೆಯಾದರೆ ಇಷ್ಟರಿಂದ ಇಷ್ಟು, ಕಸೂತಿ ಇದ್ದರೆ ಯಾಕೆ ಏರುತ್ತದೆ, ಪವರ್‌ಲೂಮಿನದು ಯಾಕೆ ಅಗ್ಗ. ನಾಲ್ಕೇ ಸಾಲು. ಕೌಂಟರಿನ ಹುಡುಗಿ ಮಧ್ಯಾಹ್ನದೊಳಗೆ ಬರೆದುಕೊಟ್ಟಾಳು, ಅವಳ ಮೊಬೈಲಿನಲ್ಲಿ ಅದು ಆಗಲೇ ಇದೆ.