ಬಂದದ್ದು 49 ಸಾವಿರದ ಸಾಮಾನು, ಇಟ್ಟುಕೊಂಡದ್ದು 18 ಸಾವಿರದ್ದು

ಮಗಳ ಸೀಮಂತ ಮುಗಿದ ವಾರದಿಂದಲೇ ಕೂಸಿನ ಸಾಮಾನು ಬರತೊಡಗಿತು. ಹುಬ್ಬಳ್ಳಿಯ ನನ್ನ ತಂಗಿ ಎರಡು ಚೀಲ ಬಟ್ಟೆ ಕಳಿಸಿದಳು. ಬೆಂಗಳೂರಿನಲ್ಲಿ ಬೀಗರ ಕಡೆಯವರು ಕಾರ್ ಸೀಟು, ಸ್ಟ್ರಾಲರ್, ಹಾಲು ಹಿಂಡುವ ಪಂಪು ಕೊಟ್ಟರು. ಶಿವಮೊಗ್ಗದಿಂದ ಯಜಮಾನರ ಅಕ್ಕ ವಾಕರ್ ಹೊತ್ತು ತಂದರು. ಮೈಸೂರಿನಿಂದ ಊಟದ ಕುರ್ಚಿ ಮತ್ತು ಸ್ನಾನದ ಟಬ್ಬು ಬಂದವು. ಭಾವನವರ ಮನೆಯಿಂದ ಪುಟ್ಟ ಹಾಸಿಗೆ, ಹಾಲಿನ ಬಾಟಲಿಗಳು, ಜೊತೆಗೆ ಅಲ್ಲಿಗೆ ಹೋಗಿ ವರ್ಷಗಟ್ಟಲೆ ಅಲ್ಲೇ ಉಳಿದಿದ್ದ ನಮ್ಮ ಮನೆತನದ ತೊಟ್ಟಿಲು.

ನಾನು ಬ್ಯಾಂಕಿನಲ್ಲಿ 31 ವರ್ಷ ಲೆಕ್ಕ ನೋಡಿದವಳು. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಬಂದ ಸಾಮಾನು, ಬಲಕ್ಕೆ ಅದನ್ನೇ ಹೊಸದಾಗಿ ಕೊಂಡರೆ ದಾವಣಗೆರೆಯ ಅಂಗಡಿಗಳಲ್ಲಿ ಕೇಳಿದ ಬೆಲೆ ಬರೆದೆ. ಬಟ್ಟೆ 63, ತಲಾ 220ರಂತೆ 13,860 ರೂಪಾಯಿ. ತೊಟ್ಟಿಲು 9,000. ಕಾರ್ ಸೀಟು 8,000. ಸ್ಟ್ರಾಲರ್ 5,500. ಊಟದ ಕುರ್ಚಿ 3,200, ಪಂಪು 3,200, ಬಾಟಲಿ ಮತ್ತು ಸ್ಟೆರಿಲೈಸರ್ ಸೇರಿ 2,600, ವಾಕರ್ 1,900, ಹಾಸಿಗೆ 1,200, ಟಬ್ಬು 700. ಕೂಡಿದರೆ 49,160 ರೂಪಾಯಿ.

ಅರ್ಧ ಲಕ್ಷದ ಸಾಮಾನು ಕೈ ಬಿಚ್ಚದೆ ಬಂತಲ್ಲ ಎಂದು ಮನೆಮಂದಿಗೆಲ್ಲ ಖುಷಿ. ನನಗೂ ಸಂತೋಷವೇ. ನಮ್ಮಲ್ಲಿ ಕೂಸಿಗೆ ಮೊದಲು ಹಳೇ ಬಟ್ಟೆಯನ್ನೇ ಹಾಕುವುದು, ಹೊಸದೇನಿದ್ದರೂ ಹೆಸರಿಟ್ಟ ಮೇಲೆ. ಚೆನ್ನಾಗಿ ಬೆಳೆದ ಮಗುವಿನ ಅಂಗಿಯನ್ನು ಕೇಳಿ ತಂದು ತೊಡಿಸಿದ ಅಜ್ಜಿಯರ ಸಾಲಿನಲ್ಲೇ ನಾನೂ ಇದ್ದೇನೆ. ಆದರೆ ನಂಟರಿಂದ ಬರುವ ಸಾಮಾನಿನ ದೊಡ್ಡ ಲಾಭ ಅದು ಪುಕ್ಕಟೆ ಎಂಬುದಲ್ಲ. ಅದರ ಚರಿತ್ರೆ ಕೇಳಿ ತಿಳಿಯಬಹುದು ಎಂಬುದು. ಯಾವ ವರ್ಷ ಕೊಂಡದ್ದು, ಎಷ್ಟು ಮಕ್ಕಳು ಬಳಸಿದರು, ಎಲ್ಲಿ ಇಟ್ಟಿದ್ದರು? ಸಂತೆಯಲ್ಲಿ ಕೊಂಡ ಹಳೇ ಸಾಮಾನಿನ ಬಗ್ಗೆ ಇದನ್ನೆಲ್ಲ ಯಾರನ್ನು ಕೇಳುವುದು? ನಂಟರಾದರೆ ಒಂದು ಫೋನು ಸಾಕು. ನಾನು ಒಂದೊಂದಕ್ಕೂ ಫೋನು ಮಾಡಿದೆ.

ಬಟ್ಟೆಯಿಂದ ಶುರು ಮಾಡುತ್ತೇನೆ. 63ರಲ್ಲಿ ಮೊದಲ ಮೂರು ತಿಂಗಳ ಅಳತೆಯವು 29, ಮೂರರಿಂದ ಆರು ತಿಂಗಳವು 18, ಆರರಿಂದ ಹನ್ನೆರಡರವು 16. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ ಹೆಣ್ಣುಕೂಸಿನ ನಡುಮಟ್ಟದ ಉದ್ದ ಹುಟ್ಟಿದಾಗ ಸುಮಾರು 49 ಸೆಂಟಿಮೀಟರ್, ಮೂರು ತಿಂಗಳಿಗೆ 60, ವರ್ಷಕ್ಕೆ 74. ಅಂದರೆ ಮೊದಲ ಅಂಗಿ 90 ದಿನ ಬಂದರೆ ಹೆಚ್ಚು. ಹಾಗಾಗಿಯೇ ಹಳೇ ಬಟ್ಟೆ ಹಳತಾಗಿರುವುದಿಲ್ಲ. ಕೆಲವಕ್ಕಂತೂ ಕಾಲರಿನ ಗಟ್ಟಿತನವೂ ಹೋಗಿರಲಿಲ್ಲ.

ಎಡವಟ್ಟಾದದ್ದು ಋತುವಿನಲ್ಲಿ. ತಂಗಿಯ ಮೊಮ್ಮಗ ಹುಟ್ಟಿದ್ದು ನವೆಂಬರಿನಲ್ಲಿ, ನಮ್ಮಲ್ಲಿ ಹೆರಿಗೆ ಮಾರ್ಚಿಗೆ. ಅವನ ಮೊದಲ ಅಳತೆಯ 29ರಲ್ಲಿ 17 ಉಣ್ಣೆಯವು, ಇಲ್ಲವೇ ಒಳಗೆ ದಪ್ಪ ಬಟ್ಟೆ ಕೊಟ್ಟವು. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಅವನ್ನು ಕೂಸಿಗೆ ಹಾಕುವವರಾರು? ಚಳಿಗಾಲ ಬರುವ ಹೊತ್ತಿಗೆ ನಮ್ಮ ಮಗುವಿಗೆ ಅವು ಮೊಣಕೈಯನ್ನೂ ದಾಟುವುದಿಲ್ಲ. ಬಟ್ಟೆ ತರುವಾಗ ಎಷ್ಟು ತಿಂಗಳ ಅಳತೆ ಎಂಬುದರ ಜೊತೆಗೆ ಆ ಮಗು ಹುಟ್ಟಿದ ತಿಂಗಳನ್ನೂ ಕೇಳಬೇಕೆಂದು ನನಗೆ ತಿಳಿದದ್ದು ಆಗಲೇ.

ಆ ಉಣ್ಣೆಯ ಬಟ್ಟೆಗಳಲ್ಲಿ ಇನ್ನೊಂದು ಸಂಗತಿಯಿತ್ತು. ಚೀಲದ ಗಂಟು ಬಿಚ್ಚಿದೊಡನೆ ಮೂಗಿಗೆ ಬಡಿದದ್ದು ನುಸಿಗುಳಿಗೆಯ ವಾಸನೆ. ತಂಗಿ ಮುತುವರ್ಜಿಯಿಂದಲೇ ಹಾಕಿಟ್ಟಿದ್ದಳು. ಆದರೆ ಆ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಎಲ್ಲ ಕೂಸುಗಳಿಗೂ ಒಗ್ಗುವಂಥದಲ್ಲ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥ ಶಿಶುವಿಗೆ ಇದು ತಾಗಿದರೆ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಏರಿಬಿಡುತ್ತದೆ. ಕೊರತೆ ಇದೆಯೋ ಇಲ್ಲವೋ ಎಂಬುದು ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ಉಣ್ಣೆಯ 17ನ್ನು ಬದಿಗಿಟ್ಟೆ. ಹತ್ತಿಯವನ್ನು ಮೂರು ಸಲ ಬಿಸಿನೀರಿನಲ್ಲಿ ಒಗೆದು, ಐದು ದಿನ ಮಾಳಿಗೆಯ ಬಿಸಿಲಿಗೆ ಹರವಿ, ಮೂಗಿಗೆ ಹಿಡಿದು ನೋಡಿ, ವಾಸನೆ ಪೂರ್ತಿ ಹೋದ ಮೇಲೆಯೇ ಮಡಿಸಿಟ್ಟೆ. ಎಲಾಸ್ಟಿಕ್ ಸತ್ತುಹೋಗಿದ್ದ ನಾಲ್ಕನ್ನು ಕೈಬಿಟ್ಟು, ಕುತ್ತಿಗೆಗೆ ಲಾಡಿ ಇದ್ದವುಗಳ ಲಾಡಿ ಕತ್ತರಿಸಿದೆ. ಉಳಿದದ್ದು 42, ಬೆಲೆ 9,240 ರೂಪಾಯಿ.

ಇನ್ನು ತೊಟ್ಟಿಲು. ಇದನ್ನು ಬರೆಯುವಾಗ ಈಗಲೂ ಮನಸ್ಸು ಭಾರವಾಗುತ್ತದೆ. ನನ್ನ ಅತ್ತೆಯವರು ನನ್ನ ಮಗಳನ್ನು ತೂಗಿದ ತೊಟ್ಟಿಲದು. ಸಾಗುವಾನಿ ಮರ, ಹಿತ್ತಾಳೆಯ ಸರಪಳಿ, ನಾಲ್ಕು ಮೂಲೆಗೂ ಗಿಳಿ. ಭಾವನವರ ಮನೆಯಲ್ಲಿ ಅದಕ್ಕೆ ಹಸಿರು ಎನಾಮೆಲ್ ಬಣ್ಣ ಬಳಿಸಿದ್ದರು. ಯಾವ ವರ್ಷ ಎಂದು ಕೇಳಿದೆ. ಮೊದಲ ಮೊಮ್ಮಗ ಹುಟ್ಟಿದ ವರ್ಷ, 2009 ಎಂದರು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಎಂಟು ವರ್ಷ ಹಿಂದಿನ ಬಣ್ಣದಲ್ಲಿ ಎಷ್ಟು ಸೀಸವಿತ್ತೆಂದು ಕಣ್ಣಿನಿಂದ ನೋಡಿ ಹೇಳಲಾಗದು. ಗಿಳಿಯ ಕೊಕ್ಕಿನ ಹತ್ತಿರ ಉಗುರಿನಿಂದ ಮೆಲ್ಲಗೆ ಕೆರೆದೆ. ಒಂದು ಹಸಿರು ಹೊಪ್ಪಳೆ ಎದ್ದು ಅಂಗೈಗೆ ಬಿತ್ತು. ಹಲ್ಲು ಬರುವ ಮಗುವಿನ ಬಾಯಿಗೆ ಹೋಗುವುದು ಇದೇ ಹೊಪ್ಪಳೆ. ಮಕ್ಕಳ ರಕ್ತದಲ್ಲಿ ಸೀಸ ಇಷ್ಟಿದ್ದರೆ ಪರವಾಗಿಲ್ಲ ಎಂಬ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಬಡಗಿಯಿಂದ ಉಜ್ಜಿಸೋಣ ಎಂದರು ಯಜಮಾನರು. ಉಜ್ಜಿದರೆ ಆ ಸೀಸವೇ ಧೂಳಾಗಿ ಬಾಣಂತಿಯ ಮನೆಯೆಲ್ಲ ಹರಡುತ್ತದೆ; ಬೇಡ ಎಂದೆ. ಟೇಪು ಹಿಡಿದು ಕಂಬಿಗಳ ಸಂದನ್ನೂ ಅಳೆದೆ: 9 ಸೆಂಟಿಮೀಟರ್. ಕಾಫಿ ಲೋಟ ಸಲೀಸಾಗಿ ತೂರಿತು. ಮಗುವಿನ ಮಂಚಕ್ಕೆ 6 ಸೆಂಟಿಮೀಟರಿಗಿಂತ ಹೆಚ್ಚು ಸಂದು ಇರಬಾರದು; ಇದ್ದರೆ ಮೈ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಒಂದು ದಾರಿ ಹೊಳೆಯಿತು. ಹೆಸರಿಡುವ ದಿನ ಅದೇ ತೊಟ್ಟಿಲಿಗೆ ಅತ್ತೆಯವರ ಇಳಕಲ್ ಸೀರೆ ಪೂರ್ತಿ ಸುತ್ತಿ, ಶಾಸ್ತ್ರದ ಅರ್ಧ ಗಂಟೆ, ಸುತ್ತ ಹೆಂಗಸರು ನಿಂತಿರುವಾಗ ಮಾತ್ರ ಮಲಗಿಸಿದೆವು. ದಿನವೂ ಮಲಗಲು 6,500 ರೂಪಾಯಿಗೆ ಹೊಸ ಮಂಚ ತಂದೆವು; ಅಂಗಡಿಯಲ್ಲೇ ಟೇಪು ಹಿಡಿದು ಸಂದು ನೋಡಿಯೇ ದುಡ್ಡು ಕೊಟ್ಟದ್ದು.

ಹಾಸಿಗೆ ಬೇಡ ಎನ್ನಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಡುವೆ ತಗ್ಗು ಬಿದ್ದಿತ್ತು. ಸ್ಕಾಟ್ಲೆಂಡಿನ ವೈದ್ಯರು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಮಗು ಮಲಗಿದ ಹಳೇ ಹಾಸಿಗೆಗೂ ನಿದ್ದೆಯಲ್ಲೇ ಶಿಶುಗಳು ತೀರಿಕೊಳ್ಳುವುದಕ್ಕೂ ನಂಟು ಕಂಡಿತ್ತು. ಹಾಸಿಗೆ ಬೇರೆ ಮನೆಯಿಂದ ಬಂದದ್ದಾದರೆ ನಂಟು ಇನ್ನೂ ಗಟ್ಟಿ. ಕಾರಣ ಅದೇ ಎಂದು ಅವರು ಸಾಧಿಸಿಲ್ಲ. ಆದರೂ 1,200 ರೂಪಾಯಿ ಉಳಿಸಲು ಅಂಥ ಅನುಮಾನವನ್ನು ಮನೆಗೆ ತರಬೇಕೇ? ಜೊತೆಗೆ ಬಂದ ಸಾಸಿವೆ ದಿಂಬನ್ನೂ ಇಟ್ಟುಕೊಳ್ಳಲಿಲ್ಲ. ವರ್ಷ ತುಂಬುವವರೆಗೆ ದಿಂಬಿಲ್ಲದೆ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ, ಅಂಗಾತ ಮಲಗಿಸಿ ಎಂದು ಮಕ್ಕಳ ಡಾಕ್ಟರು ಖಡಾಖಂಡಿತ ಹೇಳಿದ್ದರು.

ಕಾರ್ ಸೀಟಿನ ಬುಡ ತಿರುಗಿಸಿದರೆ ಅಚ್ಚಾಗಿದ್ದ ವರ್ಷ 2014. ಇವುಗಳಿಗೆ ತಯಾರಕರು ಹೇಳುವ ಆಯುಸ್ಸು ಸಾಮಾನ್ಯವಾಗಿ ಆರರಿಂದ ಹತ್ತು ವರ್ಷ. ಪ್ಲಾಸ್ಟಿಕ್ ಬಿಸಿಲಿಗೆ ಬೆಂದು ಒಳಗೊಳಗೇ ಪೆಡಸಾಗಿರುತ್ತದೆ. ಅಪಘಾತ ಕಂಡ ಸೀಟಾದರೆ ಹೊಸದಾಗಿದ್ದರೂ ಬೇಡ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಕಲಮು, 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಕೂರಿಸದಿದ್ದರೆ 1,000 ರೂಪಾಯಿ ದಂಡ ಎನ್ನುತ್ತದೆ. ದಂಡದ ಮಾತು ಹಾಗಿರಲಿ, ಬೆಂಗಳೂರು–ದಾವಣಗೆರೆ ಹೆದ್ದಾರಿಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬರುವುದನ್ನು ನೆನೆದರೆ ನನಗೆ ಜೀವ ಝಲ್ಲೆನ್ನುತ್ತದೆ. ಅಳಿಯ 18 ಕಿಲೋ ತೂಕದವರೆಗಿನ ಹೊಸ ಸೀಟು ಕೊಂಡರು. ನಾಲ್ಕು ವರ್ಷ ಬಳಸಿದರೂ ದಿನಕ್ಕೆ ಐದೂವರೆ ರೂಪಾಯಿ ಬೀಳುತ್ತದೆ. ಇಷ್ಟೂ ಸಾಮಾನಿನಲ್ಲಿ ಹೊಸದನ್ನೇ ಕೊಳ್ಳಬೇಕಾದ ಒಂದೇ ಒಂದನ್ನು ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ.

ವಾಕರ್ ವಿಷಯ ಮಾತ್ರ ಕಷ್ಟವಾಯಿತು. ಅಕ್ಕ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದರು.

"ನನ್ನ ಮೂರೂ ಮಕ್ಕಳು ಅದರಲ್ಲೇ ನಡೆದ್ವು. ಏನಾಯ್ತೇ ಅವಕ್ಕೆ?"

"ಏನೂ ಆಗಿಲ್ಲಕ್ಕ, ನಿಮ್ಮದು ನೆಲಮಟ್ಟದ ಮನೆ. ನಮ್ಮ ಪಡಸಾಲೆಯಿಂದ ಮೆಟ್ಟಿಲಿಗೆ ಹನ್ನೆರಡೇ ಅಡಿ."

ವಾಕರಿನಲ್ಲಿ ಕೂತ ಮಗು ಒಂದು ಸೆಕೆಂಡಿಗೆ ಮೂರು ಅಡಿಗಿಂತ ಹೆಚ್ಚು ದೂರ ಹೋಗಬಲ್ಲದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಎಚ್ಚರಿಸುತ್ತದೆ. ಹನ್ನೆರಡು ಅಡಿಗೆ ನಾಲ್ಕು ಸೆಕೆಂಡು. ಒಲೆಯ ಮೇಲೆ ಉಕ್ಕುವ ಹಾಲು ಇಳಿಸುವಷ್ಟರಲ್ಲಿ ಮಗು ಮೆಟ್ಟಿಲ ಬಳಿ ಇರುತ್ತದೆ. ಕೆನಡಾ ದೇಶ 2004ರಲ್ಲೇ ಇದರ ಮಾರಾಟವನ್ನು ನಿಷೇಧಿಸಿತು. ಬೇಗ ನಡೆಸುತ್ತದೆ ಎಂಬ ನಂಬಿಕೆಯೂ ನಿಜವಲ್ಲ. ಇದನ್ನೆಲ್ಲ ಹೇಳಿದೆ, ಅಕ್ಕ ಮುನಿಸಿಕೊಂಡರು. ಆಮೇಲೆ ಅವರ ಬೆಳ್ಳಿಯ ಒಳಲೆ ಕೇಳಿದೆ. ಬಾಟಲಿಯನ್ನು ಡಾಕ್ಟರು ಬೇಡ ಎಂದಿದ್ದರು: ಹಳೇ ಬಾಟಲಿಯ ಗೀರು, ರಬ್ಬರಿನ ಸಂದಿನಲ್ಲಿ ಕುಳಿತ ಕೊಳೆ ಎಷ್ಟು ತೊಳೆದರೂ ಹೋಗದು. ಹಿಂಡಿಟ್ಟ ತಾಯಿಹಾಲು ಕುಡಿಸಬೇಕಾದಾಗ ಒಳಲೆ ವಾಸಿ. ಪೂರ್ತಿ ತೆರೆದ ಪಾತ್ರೆ, ಕುದಿಯುವ ನೀರಿಗೆ ಹಾಕಿದರೆ ಶುದ್ಧ. ಅಕ್ಕ ಮರುದಿನವೇ ಕಳಿಸಿದರು. ಅದಕ್ಕೆ ನಾನು ಬೆಲೆ ಕಟ್ಟಲಿಲ್ಲ.

ಪಂಪಿನ ನಳಿಕೆಯೊಳಗೆ ಹಳೇ ಹಾಲಿನ ಕಲೆ ಕಂಡಿತು. ಒಬ್ಬರು ಬಳಸಿದ್ದನ್ನು ಇನ್ನೊಬ್ಬರು ಬಳಸುವಂಥದಲ್ಲ ಅದು, ವಾಪಸು ಹೋಯಿತು. ಸ್ಟ್ರಾಲರ್ ಗಟ್ಟಿಯಾಗಿತ್ತು, ಒಂದು ಗಾಲಿಗೆ 350 ಖರ್ಚಾಯಿತು. ಊಟದ ಕುರ್ಚಿಯ ಬೆಲ್ಟು ಸರಿಯಿತ್ತು, ಮೈಸೂರಿನಿಂದ ಪಾರ್ಸೆಲ್ಲಿಗೆ 450.

ಈಗ ಕೂಡಿಸಿ ನೋಡಿ. ಬಟ್ಟೆ 9,240, ಸ್ಟ್ರಾಲರ್ 5,500, ಕುರ್ಚಿ 3,200, ಟಬ್ಬು 700: ಇಟ್ಟುಕೊಂಡದ್ದು 18,640 ರೂಪಾಯಿಯ ಸಾಮಾನು, ಬಂದದ್ದರಲ್ಲಿ 100ಕ್ಕೆ 38 ಪಾಲು. ಖರ್ಚು 800 ಕಳೆದರೆ ನಿಜವಾದ ಉಳಿತಾಯ 17,840. ಹೊಸದಾಗಿ ಕೊಂಡ ಮಂಚ, ಹಾಸಿಗೆ, ಕಾರ್ ಸೀಟು, ಪಂಪಿಗೆ ಹೋದದ್ದು 18,900.

ಇಷ್ಟೆಲ್ಲ ಬರೆದ ಮೇಲೆ ನನ್ನ ಕಣ್ಣು ತೆರೆಸಿದ್ದು ಯಾರೂ ಕೊಡಲಾಗದ ಒಂದು ಸಾಮಾನಿನ ಲೆಕ್ಕ. ಡೈಪರ್. ಮೊದಲ 60 ದಿನ ದಿನಕ್ಕೆ 10, ಮುಂದಿನ 120 ದಿನ 7, ಉಳಿದ 185 ದಿನ 5 ಎಂದು ಹಿಡಿದರೆ ವರ್ಷಕ್ಕೆ 2,365. ಒಂದಕ್ಕೆ 11 ರೂಪಾಯಿ ಎಂದರೂ 26,015. ಬೇರೆ ಯಾವ ಸಾಮಾನಿನ ಬೆಲೆಯೂ ಇದರ ಹತ್ತಿರ ಬರುವುದಿಲ್ಲ.

ನನ್ನ ಬೀರುವಿನಲ್ಲಿ ಒಗೆದೊಗೆದು ಬೆಣ್ಣೆಯಂತಾದ ಎರಡು ಹತ್ತಿ ಸೀರೆಗಳಿದ್ದವು. ಐದೂವರೆ ಮೀಟರಿನ ಸೀರೆಯ ಪನ್ನ 110 ಸೆಂಟಿಮೀಟರ್. 55ರ ಚೌಕ ಕತ್ತರಿಸಿದರೆ ಒಂದರಲ್ಲಿ 20 ಲಂಗೋಟಿ. ಎರಡರಿಂದ 40. ಅಂಚು ಹೊಲಿಸಲು ತಲಾ 5ರಂತೆ 200 ರೂಪಾಯಿ. ಹೆರಿಗೆ ರಜೆಯ 26 ವಾರಗಳಲ್ಲಿ ಮಗಳು ನಾಲ್ಕನ್ನು ಮೊದಲೇ ತೆಗೆದುಕೊಂಡಿದ್ದಳು. ಉಳಿದ 22 ವಾರ, 154 ದಿನ ನಮ್ಮಲ್ಲಿದ್ದಳು. ಅಷ್ಟು ದಿನಕ್ಕೆ 1,258 ಡೈಪರ್ ಬೇಕಾಗುತ್ತಿತ್ತು. ರಾತ್ರಿಗೆ ಒಂದರಂತೆ 154 ಬಳಸಿದೆವು. ಉಳಿದ 1,104ರ ಬೆಲೆ 12,144. ಹೊಲಿಗೆಯ 200, ಸೋಪಿನ 750 ಕಳೆದರೆ ಉಳಿತಾಯ 11,194. ಸ್ಟ್ರಾಲರ್, ಕುರ್ಚಿ, ಟಬ್ಬು ಮೂರೂ ಸೇರಿದರೂ 9,400 ಅಷ್ಟೆ.

ದಿನಕ್ಕೆ ಮುಕ್ಕಾಲು ಗಂಟೆ ಒಗೆತದ ಕೆಲಸ, ಆಷಾಢದ ಜಡಿಮಳೆಯಲ್ಲಿ ಒಣಗಿಸುವ ಪಾಡು ಈ ಲೆಕ್ಕದಲ್ಲಿ ಇಲ್ಲ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಇದನ್ನು ಹೇರಲಾಗದು, ನಾನೂ ಹೇಳಲಿಲ್ಲ. ಮಗಳು ಹೊರಟ ದಿನ 40ರಲ್ಲಿ 33 ಇನ್ನೂ ಚೆನ್ನಾಗಿದ್ದವು. ಮಡಿಸಿ, ನುಸಿಗುಳಿಗೆ ಹಾಕದೆ, ಬೇವಿನ ಒಣ ಎಲೆಯೊಂದಿಗೆ ಕಟ್ಟಿಟ್ಟಿದ್ದೇನೆ.

ಕೊಡುವವರಲ್ಲಿ ಒಂದು ಕೋರಿಕೆ. ಕೂಸಿನ ಸಾಮಾನು ಕಳಿಸುವಾಗ ಒಂದೊಂದಕ್ಕೂ ಚೀಟಿ ಅಂಟಿಸಿ: ಕೊಂಡ ವರ್ಷ, ಬಣ್ಣ ಬಳಿದ ವರ್ಷ, ಬಿದ್ದು ಮುರಿದು ಜೋಡಿಸಿದ್ದಿದ್ದರೆ ಅದು, ಬಟ್ಟೆಯಾದರೆ ನಿಮ್ಮ ಮಗು ಹುಟ್ಟಿದ ತಿಂಗಳು. ಬೇಡವೆಂದು ಒಂದೆರಡು ವಾಪಸು ಬಂದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.