ಮುಂಗಾಜಿನ ಮೇಲಿನ ಹಳದಿ ಪುಡಿ

ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿ ಎಲ್ಲದರ ಮೇಲೂ ಹಳದಿ ಪುಡಿ ಕೂರುತ್ತದೆ. ಓಕ್ ಮರಗಳ ಪರಾಗ ಅದು. ರಾತ್ರಿ ನಿಲ್ಲಿಸಿದ ಕಾರಿನ ಮೇಲೆ ಬೆಳಿಗ್ಗೆ ಬೆರಳಿನಿಂದ ಹೆಸರು ಬರೆಯಬಹುದು. ಡೆಲವೇರ್–ರಾರಿಟನ್ ಕಾಲುವೆಯ ದಡದಲ್ಲಿ ನಿಂತ ನೀರಿಗೂ ಅದೇ ಬಣ್ಣದ ಕೆನೆ ಕಟ್ಟಿರುತ್ತದೆ. ಈ ಸಲ ನನ್ನ ಟೆಲಿಸ್ಕೋಪನ್ನೂ ಅದು ಬಿಡಲಿಲ್ಲ. ಚಂದ್ರನನ್ನು ನೋಡುತ್ತ ಹಿತ್ತಲಲ್ಲಿ ತಡರಾತ್ರಿಯವರೆಗೆ ಕೂತಿದ್ದೆವು. ಬೆಳಿಗ್ಗೆ ನೋಡಿದರೆ ಮುಂಗಾಜಿನ ತುಂಬ ಹಳದಿ ಚುಕ್ಕೆ, ನಡುನಡುವೆ ಇಬ್ಬನಿ ಒಣಗಿದ ಉಂಗುರಗಳು.

ತೀರ್ಥಹಳ್ಳಿಯಿಂದ ಬಂದಿದ್ದ ಅಪ್ಪಯ್ಯ ಕಾಫಿ ಲೋಟ ಕೆಳಗಿಟ್ಟು ಹತ್ತಿರ ಬಂದರು. "ಎಂತ ಇದು, ಇಷ್ಟು ಧೂಳು ಕೂತಿದೆ" ಎನ್ನುತ್ತ ಪಂಚೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ದಿನಕ್ಕೆ ಹತ್ತು ಸಲ ಕನ್ನಡಕ ಒರೆಸುವ ಕೈ ಅದು. "ಅಪ್ಪಯ್ಯ, ಮುಟ್ಟಬೇಡಿ!" ನನ್ನ ದನಿ ಬೇಕಾದ್ದಕ್ಕಿಂತ ಜೋರಾಯಿತು. ಅವರು ಕೈ ಹಿಂದಕ್ಕೆ ಎಳೆದುಕೊಂಡು, "ಮತ್ತೆ ಕೊಳೆ ಹಾಗೇ ಬಿಡೂದಾ?" ಎಂದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಲು ಆ ಇಡೀ ಬೆಳಿಗ್ಗೆ ಬೇಕಾಯಿತು.

ನನ್ನದು 8 ಇಂಚಿನ ಷ್ಮಿಟ್–ಕ್ಯಾಸಗ್ರೇನ್ ಟೆಲಿಸ್ಕೋಪು. ಕೊಳವೆಯ ತಳದಲ್ಲಿ ಗೋಳದ ತುಣುಕಿನಂಥ ಕನ್ನಡಿಯಿದೆ. ಗೋಳಾಕಾರವನ್ನು ಉಜ್ಜಿ ತೆಗೆಯುವುದು ಸುಲಭ, ಆದರೆ ಅಂಥ ಕನ್ನಡಿಗೆ ಒಂದು ದೋಷವುಂಟು: ಅಂಚಿಗೆ ಬಿದ್ದ ಬೆಳಕೂ ನಡುವೆ ಬಿದ್ದ ಬೆಳಕೂ ಒಂದೇ ಕಡೆ ಕೂಡುವುದಿಲ್ಲ. ಕೊಳವೆಯ ಬಾಯಲ್ಲಿರುವ ಗಾಜು ಬೆಳಕನ್ನು ಒಂದಿಷ್ಟೇ ಬಾಗಿಸಿ, ಆ ದೋಷವನ್ನು ಮುಂಚಿತವಾಗಿಯೇ ತಿದ್ದಿ ಒಳಗೆ ಬಿಡುತ್ತದೆ. ನೋಡಲು ಕಿಟಕಿಯ ಗಾಜಿನಷ್ಟೇ ಸಪಾಟು. ಅದರ ಉಬ್ಬುತಗ್ಗಿನ ಅಂತರ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಇದನ್ನು 1930ರ ಹೊತ್ತಿಗೆ ಜರ್ಮನಿಯ ಹ್ಯಾಂಬರ್ಗ್ ವೀಕ್ಷಣಾಲಯದಲ್ಲಿ ಮಾಡಿ ತೋರಿಸಿದವರು ಬರ್ನ್‌ಹಾರ್ಡ್ ಷ್ಮಿಟ್. ಹುಡುಗನಾಗಿದ್ದಾಗ ಸ್ಫೋಟವೊಂದರಲ್ಲಿ ಬಲಗೈ ಕಳೆದುಕೊಂಡಿದ್ದರು. ಇಷ್ಟು ನಯದ ಗಾಜನ್ನು ಉಳಿದ ಒಂದೇ ಕೈಯಲ್ಲಿ ಉಜ್ಜಿದರು. ಮುಂಗಾಜಿನ ಮುಚ್ಚಳ ತೆಗೆಯುವಾಗೆಲ್ಲ ನನಗೆ ಆ ಕೈ ನೆನಪಾಗುತ್ತದೆ.

ಗಾಜಿನ ಮೇಲೆ ಇನ್ನೊಂದು ಪದರವಿದೆ. ಬರೀ ಗಾಜು ತನ್ನ ಒಂದೊಂದು ಮುಖದಿಂದಲೂ ಬೆಳಕಿನ ನೂರಕ್ಕೆ 4 ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಮೆಗ್ನೀಸಿಯಂ ಫ್ಲೋರೈಡಿನ ಒಂದು ಲೇಪ ಕೊಟ್ಟರೆ ಅದು ಒಂದೂವರೆಯ ಆಸುಪಾಸಿಗೆ ಇಳಿಯುತ್ತದೆ. ಆ ಲೇಪದ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಈಗಿನ ಟೆಲಿಸ್ಕೋಪುಗಳಲ್ಲಿ ಇಂಥ ಪದರಗಳು ಹಲವು ಇರುತ್ತವೆ. ಪಂಚೆಯ ಅಂಚು ಒರೆಸಲು ಹೊರಟಿದ್ದು ಇದನ್ನು. ಪಂಚೆಯದೇನೂ ತಪ್ಪಿಲ್ಲ, ಅದು ಮೆತ್ತಗಿನ ಹತ್ತಿ. ಗಾಜಿಗೂ ಬಟ್ಟೆಗೂ ನಡುವೆ ಸಿಕ್ಕಿಕೊಳ್ಳುವ ಧೂಳಿನದು ತಪ್ಪು. ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ, ಮರಳು ಗಾಜಿಗಿಂತ ಗಟ್ಟಿ. ಒಣಗಾಜನ್ನು ಒರೆಸಿದರೆ ಉಪ್ಪುಕಾಗದದಲ್ಲಿ ತಿಕ್ಕಿದ ಹಾಗೆಯೇ.

ಹಾಗಾದರೆ ಧೂಳು ಕೂತರೆ ತೊಂದರೆಯಿಲ್ಲವೇ? ಬಹುಮಟ್ಟಿಗೆ ಇಲ್ಲ ಎನ್ನುವುದೇ ನಿಜ, ಹೊಸಬರಿಗೆ ಇದನ್ನು ನಂಬಿಸುವುದು ಕಷ್ಟ. ಕಿಟಕಿಯ ಗಾಜಿನ ಮೇಲೆ ಕಲೆಯಿದ್ದರೆ ಆಚೆಯ ಮರದ ಒಂದು ಕೊಂಬೆ ಮರೆಯಾಗುತ್ತದೆ, ಹಾಗಾಗಿ ಟೆಲಿಸ್ಕೋಪಿನಲ್ಲೂ ಕಲೆಯಿದ್ದ ಕಡೆ ಆಕಾಶಕ್ಕೆ ತೂತು ಬೀಳುತ್ತದೆ ಅಂದುಕೊಳ್ಳುತ್ತೇವೆ. ಅದು ಹಾಗಲ್ಲ. ಚಂದ್ರನ ಒಂದೊಂದು ಕುಳಿಯಿಂದ ಬಂದ ಬೆಳಕೂ ಮುಂಗಾಜಿನ ಉದ್ದಗಲಕ್ಕೂ ಬೀಳುತ್ತದೆ. ಗಾಜಿನ ಒಂದೊಂದು ಚೂರೂ ಇಡೀ ಚಂದ್ರನನ್ನು ಕಟ್ಟಿಕೊಡುತ್ತದೆ. ಗಾಜಿನ ಮುಂದೆ ಅಂಗೈ ಹಿಡಿದರೂ ಚಂದ್ರ ಪೂರ್ತಿಯಾಗಿಯೇ ಕಾಣುತ್ತಾನೆ, ತುಸು ಮಂಕಾಗಿ ಅಷ್ಟೆ. ನನ್ನ ಟೆಲಿಸ್ಕೋಪಿನ ಗಾಜಿನ ನಟ್ಟನಡುವೆ ಕಿರುಗನ್ನಡಿಯೊಂದು ಹುಟ್ಟಿನಿಂದಲೇ ಕೂತು ಸುಮಾರು ನೂರಕ್ಕೆ 11 ಪಾಲು ಬೆಳಕನ್ನು ತಡೆಯುತ್ತಿದೆ. ಅದರ ಮುಂದೆ ನಾಲ್ಕು ಚುಕ್ಕೆ ಧೂಳು ಯಾವ ಲೆಕ್ಕ?

ಇದಕ್ಕೆ ಮನಸ್ಸಿಗೆ ನೋವಾಗುವಂಥ ಒಂದು ಪುರಾವೆಯೂ ಇದೆ. 1970ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನ ಮ್ಯಾಕ್‌ಡೊನಾಲ್ಡ್ ವೀಕ್ಷಣಾಲಯದ ನೌಕರನೊಬ್ಬ ಅಲ್ಲಿನ 107 ಇಂಚಿನ ಕನ್ನಡಿಗೆ ಪಿಸ್ತೂಲಿನಿಂದ ಏಳು ಗುಂಡು ಹೊಡೆದ. ಕನ್ನಡಿ ಒಡೆಯಲಿಲ್ಲ, ಗುಂಡು ಬಿದ್ದಲ್ಲಿ ಗುಳಿಗಳಾದವು. ನಷ್ಟವಾದ ಬೆಳಕು ನೂರಕ್ಕೆ ಒಂದರಷ್ಟು. ಆ ಟೆಲಿಸ್ಕೋಪು ಕೆಲಸ ಮುಂದುವರಿಸಿತು.

ಆದರೆ ಎಲ್ಲ ಕೊಳೆಯೂ ಒಂದೇ ಅಲ್ಲ. ಧೂಳು ತೂತು ಮಾಡದಿದ್ದರೂ ಬೆಳಕನ್ನು ಚೆದುರಿಸುತ್ತದೆ. ಗುರುವಿನ ಸುತ್ತ ಮಬ್ಬು ಕವಿದರೆ, ಪಟ್ಟೆಗಳ ನಡುವಿನ ನಸುಬಣ್ಣಗಳು ಕಲಸಿಹೋದರೆ, ಸಾಮಾನ್ಯವಾಗಿ ಅದು ತೆಳುವಾಗಿ ಹರಡಿದ ಜಿಡ್ಡಿನ ಕೆಲಸ. ಬೆರಳಚ್ಚು ಇಂಥದ್ದು. ಪರಾಗದ್ದು ಇನ್ನೂ ಬೇರೆ ಕಥೆ. ಶುಭ್ರ ರಾತ್ರಿಯಲ್ಲಿ ಮುಂಗಾಜು ತನ್ನ ಬಿಸಿಯನ್ನು ನೇರ ಆಕಾಶಕ್ಕೆ ಸೂಸಿ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಅದಕ್ಕೇ ಇಬ್ಬನಿ ಮೊದಲು ಅಲ್ಲಿ ಕೂರುತ್ತದೆ. ಒದ್ದೆಯಾದ ಪರಾಗದ ಕಾಳು ಒಡೆದು ಒಳಗಿನ ಪಿಷ್ಟ, ಪ್ರೋಟೀನು ಹೊರಬಂದು ಗಾಜಿಗೆ ಅಂಟಿಕೊಂಡೇ ಒಣಗುತ್ತದೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಊಟವಿಲ್ಲ.

ಬೂಷ್ಟು ಅಂದದ್ದೇ ಅಪ್ಪಯ್ಯನಿಗೆ ವಿಷಯ ಹಿಡಿಸಿತು. ಮಲೆನಾಡಿನ ಮಳೆಗಾಲ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಪೆಟ್ಟಿಗೆಯೊಳಗೆ ಇಟ್ಟ ಚರ್ಮದ ಚೀಲ, ಪುಸ್ತಕದ ರಟ್ಟು, ಕ್ಯಾಮೆರಾದ ಮಸೂರ, ಯಾವುದನ್ನೂ ಅದು ಬಿಡುವುದಿಲ್ಲ. ಮಸೂರದ ಮೇಲೆ ಜೇಡರ ಬಲೆಯಂತೆ ಹಬ್ಬುವ ಅದು ಆಮ್ಲ ಸೂಸುತ್ತ ಲೇಪವನ್ನೇ ಕೊರೆಯುತ್ತದೆ. ಆಮೇಲೆ ಒರೆಸಿದರೂ ಗುರುತು ಹೋಗದು. ಆದ್ದರಿಂದ ಒದ್ದೆ ಗಾಜಿಗೆ ಮುಚ್ಚಳ ಹಾಕಬಾರದು. ಒಳಗೆ ತಂದು, ಗಾಜನ್ನು ತುಸು ಕೆಳಕ್ಕೆ ಬಾಗಿಸಿ, ತಾನಾಗಿ ಆರಿದ ಮೇಲೆಯೇ ಮುಚ್ಚಬೇಕು. ತೀರ್ಥಹಳ್ಳಿಯಲ್ಲಾದರೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೂ ಬೇಕೇಬೇಕು.

ಟೆಲಿಸ್ಕೋಪಿನ ಬಾಯಿ ತೊಳೆದ ಬಹುದೊಡ್ಡ ಕಥೆ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದಲ್ಲೇ ನಡೆದದ್ದು. ಹೋಮ್‌ಡೆಲ್‌ನ ಕ್ರಾಫರ್ಡ್ ಗುಡ್ಡದ ಮೇಲೆ ಬೆಲ್ ಲ್ಯಾಬ್ಸ್ ಕಟ್ಟಿದ, ದೊಡ್ಡ ಕಹಳೆಯಂಥ ರೇಡಿಯೊ ಆಂಟೆನಾ ಇದೆ, ಬಾಯಗಲ 20 ಅಡಿ. 1964ರಲ್ಲಿ ಆರ್ನೊ ಪೆಂಜಿಯಸ್ ಮತ್ತು ರಾಬರ್ಟ್ ವಿಲ್ಸನ್ ಅದನ್ನು ಆಕಾಶದ ಯಾವ ದಿಕ್ಕಿಗೆ ತಿರುಗಿಸಿದರೂ ಒಂದು ಹೆಚ್ಚುವರಿ ಗುಂಯ್‌ಗುಡುವಿಕೆ ಬರುತ್ತಿತ್ತು. ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. ನ್ಯೂಯಾರ್ಕ್ ನಗರದ ಕಡೆ ತಿರುಗಿಸಿ ನೋಡಿದರು, ಅಲ್ಲಿಂದಲ್ಲ. ಕಹಳೆಯ ಒಳಗೆ ಇಣುಕಿದರೆ ಎರಡು ಪಾರಿವಾಳಗಳು ಸಂಸಾರ ಹೂಡಿದ್ದವು, ಒಳಗೋಡೆಗೆ ಬಿಳಿ ಹಿಕ್ಕೆ ಬಳಿದಿತ್ತು. ಬೆಚ್ಚಗಿನ ವಸ್ತು ಯಾವುದೇ ಆದರೂ ರೇಡಿಯೊ ಅಲೆ ಸೂಸುತ್ತದೆ, ಹಿಕ್ಕೆಯೂ ಸೂಸುತ್ತದೆ. ಅವರ ಅನುಮಾನಕ್ಕೆ ಆಧಾರವಿತ್ತು. ಪಾರಿವಾಳಗಳನ್ನು ಬೋನಿನಲ್ಲಿ ಹಿಡಿದು ವಿಪ್ಪನಿ ಎಂಬ ಊರಿಗೆ ಸಾಗಿಸಿದರು. ಅವು ಹಾರಿ ವಾಪಸು ಬಂದವು. ಹಿಕ್ಕೆ ಉಜ್ಜಿ ತೆಗೆದರು, ಲೋಹದ ಹಾಳೆಗಳ ಸಂದುಗಳಿಗೆ ಅಲ್ಯುಮಿನಿಯಂ ಪಟ್ಟಿ ಅಂಟಿಸಿದರು. ಸದ್ದು ಎಲ್ಲೋ ಒಂದಿಷ್ಟು ತಗ್ಗಿತು, ಹೋಗಲಿಲ್ಲ.

ಕೊಳೆಯದ್ದಲ್ಲ ಎಂದು ಖಾತ್ರಿಯಾದ ಆ ಸದ್ದು, ವಿಶ್ವ ಹುಟ್ಟಿದ ಹೊಸತರಲ್ಲಿ ಹೊರಟು ಸುಮಾರು 1380 ಕೋಟಿ ವರ್ಷ ಪಯಣಿಸಿ ಬಂದ ಬೆಳಕಿನ ಬೂದಿಯುಳಿಕೆ. ಅದನ್ನೇ ಹುಡುಕಲು ಉಪಕರಣ ಕಟ್ಟುತ್ತಿದ್ದವರು ಪ್ರಿನ್ಸ್‌ಟನ್ನಿನ ರಾಬರ್ಟ್ ಡಿಕಿಯ ತಂಡದವರು, ಅದೂ ಸಮರ್‌ಸೆಟ್‌ನ ನೆರೆಯೇ. ಎರಡೂ ತಂಡಗಳ ಲೇಖನಗಳು 1965ರಲ್ಲಿ ಒಟ್ಟಿಗೇ ಅಚ್ಚಾದವು. ಪೆಂಜಿಯಸ್, ವಿಲ್ಸನ್ ಇಬ್ಬರಿಗೆ 1978ರಲ್ಲಿ ನೊಬೆಲ್ ಬಂತು.

"ಆ ಪಾರಿವಾಳ ಎಂತ ಆಯ್ತು?" ಅಪ್ಪಯ್ಯ ಕೇಳಿದರು. ಮತ್ತೆ ಮತ್ತೆ ಬಂದದ್ದರಿಂದ ಕೊನೆಗೆ ಗುಂಡಿಟ್ಟು ಕೊಂದರು ಎಂದೆ. ಅವರು ತಲೆ ಅಲ್ಲಾಡಿಸಿದರು. ಹಿಡಿದ ಬೋನು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ ಎಂದು ಹೇಳಿದ್ದು ಅವರಿಗೆ ಸಮಾಧಾನ ಕೊಡಲಿಲ್ಲ. ನನಗೂ ಕೊಟ್ಟಿಲ್ಲ.

ನಮ್ಮ ಗಾಜಿನ ಮೇಲಿದ್ದದ್ದು ಒಣಧೂಳಾಗಿದ್ದರೆ ಹಾಗೇ ಬಿಡುತ್ತಿದ್ದೆ. ಒದ್ದೆಯಾಗಿ ಒಣಗಿದ ಪರಾಗವಾದ್ದರಿಂದ ತೊಳೆಯಲು ಕೂತೆವು. ಮೊದಲು ಕೊಳವೆಯನ್ನು ಮೇಜಿನ ಮೇಲೆ ಮಲಗಿಸಿ, ಗಾಜನ್ನು ಸ್ವಲ್ಪ ನೆಲದತ್ತ ಬಾಗಿಸಿ, ರಬ್ಬರ್ ಬುರುಡೆ ಹಿಂಡಿ ಗಾಳಿ ಬಿಟ್ಟೆ. ಬಾಯಿಂದ ಊದುವಂತಿಲ್ಲ, ಎಂಜಲು ಸಿಡಿಯುತ್ತದೆ. ಗಾಳಿಗೆ ಏಳದ ಕಾಳುಗಳನ್ನು ಮೆತ್ತಗಿನ ಕುಂಚದ ತುದಿಯಲ್ಲಿ ತೇಲಿಸಿದೆ. ಆರು ಪಾಲು ಐಸೋಪ್ರೊಪೈಲ್ ಆಲ್ಕೊಹಾಲಿಗೆ ನಾಲ್ಕು ಪಾಲು ಬಟ್ಟಿ ಇಳಿಸಿದ ನೀರು ಬೆರೆಸಿಟ್ಟಿದ್ದೆ. ನಲ್ಲಿ ನೀರು ಒಣಗಿದರೆ ಸುಣ್ಣದ ಗುರುತು ಬಿಡುತ್ತದೆ. ದ್ರವವನ್ನು ನೇರ ಗಾಜಿಗೆ ಚಿಮುಕಿಸಿದರೆ ಅಂಚಿನ ಉಂಗುರದ ಸಂದಿನಿಂದ ಒಳಗೆ ಇಳಿಯುತ್ತದೆ, ಅದಕ್ಕೇ ಅಚ್ಚ ಹತ್ತಿಗೆ ಹನಿಸಿಕೊಂಡೆ. ಹತ್ತಿಯ ಭಾರವೇ ಸಾಕು, ಬೆರಳಿನ ಭಾರ ಬೀಳಬಾರದು. ನಡುವಿನಿಂದ ಅಂಚಿಗೆ ಒಂದೇ ಎಳೆತ, ಸುತ್ತು ತಿರುಗಿಸುವುದಿಲ್ಲ. ಒಂದು ಎಳೆತಕ್ಕೆ ಒಂದು ಹತ್ತಿ, ಹಿಂದಿನದು ಎತ್ತಿಕೊಂಡ ಮರಳು ಮುಂದಿನ ಎಳೆತಕ್ಕೆ ಬರಬಾರದು. ಒಂದೊಂದು ಉಂಡೆಯ ಕೆಳಗೂ ತೆಳು ಹಳದಿ ಗೆರೆ ಹತ್ತುತ್ತಿತ್ತು. ಅಪ್ಪಯ್ಯ ಹೊಸ ಉಂಡೆ ಕಟ್ಟಿ ಕೊಡುತ್ತಿದ್ದರು. ದೇವರ ದೀಪಕ್ಕೆ ಬತ್ತಿ ಹೊಸೆದ ಬೆರಳುಗಳು, ಉಂಡೆಯಲ್ಲಿ ಒಂದು ಎಳೆಯೂ ಹೊರಗೆ ಚಾಚುತ್ತಿರಲಿಲ್ಲ. ಇಪ್ಪತ್ತೆರಡು ಉಂಡೆಗಳು ಬೇಕಾದವು.

ಗಾಜನ್ನು ಚೌಕಟ್ಟಿನಿಂದ ಬಿಚ್ಚಲಿಲ್ಲ. ತಯಾರಿಸುವಾಗ ಹಿಂದಿನ ಕನ್ನಡಿಗೆ ಹೊಂದಿಸಿ ಇಂಥ ಕೋನದಲ್ಲೇ ಕೂರಿಸಿರುತ್ತಾರೆ, ತಿರುಗಿಸಿ ಕೂರಿಸಿದರೆ ನೋಟ ಕೆಡುತ್ತದೆ.

ಅಪ್ಪಯ್ಯ ಟಾರ್ಚ್ ಹಿಡಿದು ಓರೆಯಾಗಿ ಬೆಳಕು ಬಿಟ್ಟರು. "ಇಲ್ಲೊಂದು ಗೆರೆ ಉಳಿದಿದೆ ನೋಡು, ಅಂಚಿನ ಹತ್ತಿರ." ಹೌದು, ಉಗುರಿನಷ್ಟು ಉದ್ದದ್ದು. ಟಾರ್ಚಿನ ಓರೆ ಬೆಳಕಿಗೆ ಎಂಥ ಶುದ್ಧ ಗಾಜೂ ಕೊಳಕಾಗಿ ಕಾಣುತ್ತದೆ. "ಇರಲಿ ಬಿಡಿ ಅಪ್ಪಯ್ಯ" ಎಂದು ಟಾರ್ಚ್ ಇಸಿದುಕೊಂಡೆ. ಮುಚ್ಚಳದ ಒಳಮೈಗೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ಹಳೆಯ ತಾರೀಖಿನ ಕೆಳಗೆ ಇವತ್ತಿನದನ್ನು ಬರೆದೆ. ಎರಡರ ನಡುವೆ ಆರು ವರ್ಷ ಕಳೆದಿತ್ತು.