ಹೊರೆ ನೋಡಿ ಗಾಡಿ, ಗಳಿಕೆ ನೋಡಿ ಕಂತು



ತಾಳವಾಡಿಯ ಎಲೆಕೋಸು, ಜತ್ತದ ದಾಳಿಂಬೆ, ಅಕ್ಕಲಕೋಟೆಯ ಈರುಳ್ಳಿ, ಆದೋನಿಯ ಹತ್ತಿ, ಕಾಸರಗೋಡಿನ ಕೆಂಪು ಕಲ್ಲು, ಇವೆಲ್ಲ ಈಗ ಊರಿನಿಂದ ಹೊರಡುವುದು ಬಹುಮಟ್ಟಿಗೆ ಪಿಕಪ್ ಗಾಡಿಗಳಲ್ಲಿ. ಹೊಲದ ಕೆಲಸದ ಜೊತೆಗೆ ಒಂದು ಗಾಡಿ ಇಟ್ಟುಕೊಂಡು ಬಾಡಿಗೆ ಹೊಡೆಯೋಣವೆಂದು ನಮ್ಮ ಹಳ್ಳಿಯ ಎಷ್ಟೋ ಯುವಕರು ಆಲೋಚಿಸುತ್ತಿದ್ದಾರೆ. ಆಲೋಚನೆ ಒಳ್ಳೆಯದೇ. ಆದರೆ ಯಾವ ಗಾಡಿ ಎಂದು ಕೇಳಿದರೆ, ಪಕ್ಕದ ಊರಿನವರು ತಂದದ್ದನ್ನೇ ತರುತ್ತೇನೆ ಎಂಬ ಉತ್ತರ ಬರುತ್ತದೆ. ಪಕ್ಕದ ಊರಿನವರ ಹೊರೆ ಬೇರೆ, ದಾರಿ ಬೇರೆ, ಅವರ ಕೈಯಲ್ಲಿರುವ ಹಣವೂ ಬೇರೆ. ಆದ್ದರಿಂದ ಕಂಪನಿಯ ಹೆಸರಿಗೆ ಮೊದಲು ಮೂರು ಸಂಗತಿಗಳನ್ನು ನೋಡಬೇಕು: ಹೊರೆ, ದಾರಿ ಮತ್ತು ಕಂತು.

ಪೇಟೆಯಲ್ಲಿ ಏನೇನು ಇದೆ ಎಂಬುದನ್ನು ಮೊದಲು ತಿಳಿಯೋಣ. 2005ರಲ್ಲಿ ಬಂದ ಟಾಟಾ ಏಸ್ ಗಾಡಿಯನ್ನು ಮರಾಠಿ ಸೀಮೆಯವರು 'ಛೋಟಾ ಹಾಥಿ' ಎಂದೂ, ತಮಿಳು ಸೀಮೆಯವರು 'ಕುಟ್ಟಿ ಯಾನೈ' ಎಂದೂ ಕರೆಯುತ್ತಾರೆ. ಮುಕ್ಕಾಲು ಟನ್ನಿನ ಸುಮಾರಿನ ಹೊರೆಗೆ, ಇಕ್ಕಟ್ಟಾದ ಓಣಿಗೆ, ಹತ್ತಿರದ ಸಂತೆಗೆ ಅದು ಹೊಂದುತ್ತದೆ. 2011ರಲ್ಲಿ ನಮ್ಮ ಹೊಸೂರಿನ ಕಾರ್ಖಾನೆಯಿಂದಲೇ ಹೊರಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಅದಕ್ಕಿಂತ ದೊಡ್ಡದು. ಒಂದೂಕಾಲು ಟನ್ನಿನ ಹೊರೆಯೊಂದಿಗೆ ಆರಂಭವಾದದ್ದು. 2019ರಲ್ಲಿ ಟಾಟಾ ಇಂಟ್ರಾ ಇದಕ್ಕೆ ಎದುರಾಗಿ ಬಂತು. ಇವುಗಳಿಗಿಂತ ಮೇಲಿನ ವರ್ಗದಲ್ಲಿ ಮಹೀಂದ್ರಾ ಬೊಲೆರೊ ಪಿಕಪ್, 2017ರಲ್ಲಿ ಬಂದ ಟಾಟಾ ಯೋಧ, 2020ರಲ್ಲಿ ಬಂದ ಬಡಾ ದೋಸ್ತ್ ಇವೆ. 2022ರ ಯೋಧ 2.0 ಮಾದರಿಗೆ ಎರಡು ಟನ್ನಿನವರೆಗೆ ಹೊರೆ ಹೊರುವ ಶಕ್ತಿ ಇದೆ. 2023ರಲ್ಲಿ ವಿಸ್ತರಿಸಿದ ಬೊಲೆರೊ ಮ್ಯಾಕ್ಸ್ ಪಿಕಪ್ ಸಾಲಿನಲ್ಲಿ 1.3 ಟನ್ನಿನಿಂದ 2 ಟನ್ನಿನವರೆಗೆ ಬೇರೆ ಬೇರೆ ಮಾದರಿಗಳಿವೆ. ಅಂದರೆ ಒಂದೇ ಹೆಸರಿನಡಿ ಹಲವು ಗಾಡಿಗಳಿರುತ್ತವೆ. "ಬೊಲೆರೊ ಕೊಡಿ" ಎಂದರೆ ಸಾಲದು, ಯಾವ ಹೊರೆಯ ಬೊಲೆರೊ ಎಂದು ಹೇಳಬೇಕು.

ಈಗ ಹೊರೆಯ ಲೆಕ್ಕ. ಗಾಡಿಯ ಆರ್.ಸಿ.ಯಲ್ಲಿ ಎರಡು ತೂಕಗಳು ಬರೆದಿರುತ್ತವೆ. ಒಂದು ಖಾಲಿ ಗಾಡಿಯ ತೂಕ, ಇನ್ನೊಂದು ಹೊರೆ ತುಂಬಿದ ಮೇಲಿನ ಒಟ್ಟು ತೂಕದ ಮಿತಿ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದೇ ನೀವು ಹೇರಬಹುದಾದದ್ದು. ಜೊತೆಗೆ ಕೂರುವ ಜನರ ತೂಕವೂ, ನೀವು ಕಟ್ಟಿಸಿದ ಕಬ್ಬಿಣದ ಜಾಲರಿಯ ತೂಕವೂ ಇದರೊಳಗೇ ಬರಬೇಕು.

25 ಕಿಲೋ ಟೊಮೇಟೊ ಹಿಡಿಯುವ 50 ಕ್ರೇಟುಗಳೆಂದರೆ 1,250 ಕಿಲೋ ಆಯಿತು. ಕ್ರೇಟಿನ ತೂಕ ಬೇರೆ. ಇದಕ್ಕೆ ಮುಕ್ಕಾಲು ಟನ್ನಿನ ಗಾಡಿ ಸಾಲದು. ಕಲ್ಲು, ಇಟ್ಟಿಗೆ, ಸಿಮೆಂಟು ಹೇರುವವರಿಗೆ ಬಾಡಿಯ ಉದ್ದಕ್ಕಿಂತ ತೂಕದ ಶಕ್ತಿ ಮುಖ್ಯ; ಬಾಡಿ ಅರ್ಧ ತುಂಬುವುದರೊಳಗೆ ತೂಕ ಮುಗಿದಿರುತ್ತದೆ. ಹತ್ತಿ, ಒಣ ಮೇವು ಹೇರುವವರಿಗೆ ಇದು ತಲೆಕೆಳಗು. ತೂಕ ಕಡಿಮೆ, ಜಾಗ ಹೆಚ್ಚು ಬೇಕು. ಅಂಥವರು ಎರಡು ಟನ್ನಿನ ಗಾಡಿಗೆ ಹೆಚ್ಚು ಹಣ ಕೊಡುವ ಬದಲು ಬಾಡಿ ಉದ್ದವಿರುವ ಮಾದರಿಯನ್ನು ನೋಡಬೇಕು.

ಮಿತಿ ಮೀರಿ ಹೇರಿದರೆ ಏನಾಗುತ್ತದೆ? 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯಲ್ಲಿ ಇದಕ್ಕೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ, ಹೆಚ್ಚುವರಿ ಮಾಲು ಇಳಿಸುವ ಖರ್ಚು ಬೇರೆ. ದಂಡಕ್ಕಿಂತ ದೊಡ್ಡದು ಪ್ರಾಣ. ದಿಂಬಂ ಘಾಟಿಯ 27 ತಿರುವುಗಳಲ್ಲಿ ಮಿತಿ ಮೀರಿದ ಹೊರೆಯೊಂದಿಗೆ ಇಳಿಯುವಾಗ ಬ್ರೇಕು ಕಾದು ಹಿಡಿತ ತಪ್ಪಿದರೆ ಯಾವ ಕಂಪನಿಯ ಹೆಸರೂ ಕಾಪಾಡುವುದಿಲ್ಲ.

ಇನ್ನು ದಾರಿ. ಗಡಿಯ ಜನರಾದ ನಮಗೆ ದಾರಿಯೆಂದರೆ ಡಾಂಬರು ಮಾತ್ರವಲ್ಲ, ಎರಡು ರಾಜ್ಯಗಳ ಕಾನೂನೂ ಹೌದು. 1988ರ ಮೋಟಾರು ವಾಹನ ಕಾಯಿದೆಯ 66ನೆಯ ಕಲಮಿನ ಪ್ರಕಾರ, ಒಟ್ಟು ತೂಕದ ಮಿತಿ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ಟು ಬೇಕಿಲ್ಲ. ಅದಕ್ಕಿಂತ ಮೇಲಿನ ಗಾಡಿಗೆ ಬೇಕು. ರಾಜ್ಯ ದಾಟುವುದಾದರೆ ರಾಷ್ಟ್ರೀಯ ಪರ್ಮಿಟ್ಟನ್ನೋ, ಆಚೆಯ ರಾಜ್ಯ ಒಪ್ಪುವ ಪರ್ಮಿಟ್ಟನ್ನೋ ಮಾಡಿಸಬೇಕು. ಜತ್ತದಿಂದ ವಿಜಯಪುರಕ್ಕೆ, ಮಡಕಶಿರಾದಿಂದ ಪಾವಗಡಕ್ಕೆ ದಿನವೂ ಓಡಾಡುವವರು ಗಾಡಿ ಆರಿಸುವಾಗಲೇ ಈ ಅಂಕಿಯನ್ನು ನೋಡಬೇಕು. ಪರ್ಮಿಟ್ಟು ಬೇಡವೆಂದ ಮಾತ್ರಕ್ಕೆ ತೆರಿಗೆ ಬೇಡವೆಂದಲ್ಲ. ಆಚೆಯ ರಾಜ್ಯದ ತೆರಿಗೆಯನ್ನು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಚಾಲಕರಿಗೆ ಒಂದು ಸಮಾಧಾನದ ಸಂಗತಿ ಇದೆ. ಲಘು ಮೋಟಾರು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ನಾವು ಹೇಳುತ್ತಿರುವ ಪಿಕಪ್ ಗಾಡಿಗಳೆಲ್ಲ ಅದರೊಳಗೇ ಬರುತ್ತವೆ.

ಗಡಿಯಾಚೆ ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಗಾಡಿ ಕೊಳ್ಳುವವರೂ ಇದ್ದಾರೆ. ಆ ರಾಜ್ಯದ ಆರ್.ಟಿ.ಓ. ಕೊಡುವ ನಿರಾಕ್ಷೇಪಣಾ ಪತ್ರ ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ. ಆರ್.ಸಿ.ಯಲ್ಲಿ ಹಳೆಯ ಸಾಲದ ನಮೂದು ಉಳಿದಿದ್ದರೆ ಅದನ್ನು ತೆಗೆಸಿಕೊಡುವುದು ಮಾರುವವರ ಕೆಲಸ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ನಿಮ್ಮ ರಾಜ್ಯದಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರು ಹಾಕಿಸಬೇಕು. ಆಗ ಇಲ್ಲಿಯ ತೆರಿಗೆಯೂ ಬರುತ್ತದೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಇವನ್ನೆಲ್ಲ ಕೂಡಿಸಿದ ಮೇಲೂ ಅಗ್ಗವೇ ಎಂದು ನೋಡಿ.

ಕೊನೆಗೆ ಕಂತು. ಬ್ಯಾಂಕಿನ ಮೇಜಿನ ಹಿಂದೆ ಬಹಳ ವರ್ಷ ಕುಳಿತವನಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆರು ಲಕ್ಷ ರೂಪಾಯಿ ಸಾಲ, ನಾಲ್ಕು ವರ್ಷದ ಅವಧಿ, ಬಡ್ಡಿ ಶೇಕಡಾ 9 ಎಂದುಕೊಳ್ಳಿ. ಫ್ಲಾಟ್ ದರವಾದರೆ ನಾಲ್ಕೂ ವರ್ಷ ಪೂರ್ತಿ ಆರು ಲಕ್ಷದ ಮೇಲೇ ಬಡ್ಡಿ. ಬಡ್ಡಿ 2,16,000, ತಿಂಗಳ ಕಂತು 17,000. ಅದೇ ಶೇಕಡಾ 9 ಇಳಿಯುವ ಬಾಕಿಯ ಮೇಲಾದರೆ, ನೀವು ತೀರಿಸಿದಂತೆಲ್ಲ ಬಡ್ಡಿಯೂ ಇಳಿಯುತ್ತದೆ. ಬಡ್ಡಿ ಸುಮಾರು 1,16,700, ಕಂತು ಸುಮಾರು 14,930. ಬಾಯಲ್ಲಿ ಹೇಳಿದ್ದು ಒಂದೇ ಒಂಬತ್ತು. ಜೇಬಿನಿಂದ ಹೋದದ್ದರಲ್ಲಿ ಸುಮಾರು 99,000 ರೂಪಾಯಿ ಅಂತರ. ಫ್ಲಾಟ್ ಒಂಬತ್ತು ನಿಜವಾಗಿ ಶೇಕಡಾ 16ರ ಸುಮಾರಿಗೆ ಬೀಳುತ್ತದೆ.

ಗಡಿನಾಡಿನಲ್ಲಿ ಇನ್ನೊಂದು ತೊಡಕು: ಮಾತು ಒಂದು ಭಾಷೆಯಲ್ಲಿ, ಕಾಗದ ಇನ್ನೊಂದು ಭಾಷೆಯಲ್ಲಿ. ಇದಕ್ಕೆ ರಿಸರ್ವ್ ಬ್ಯಾಂಕು ದಾರಿ ಮಾಡಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಸಾಲಗಳಿಗೆ ಮುಖ್ಯ ಸಂಗತಿಗಳ ಪತ್ರವೊಂದನ್ನು ಮೊದಲೇ ಕೊಡಬೇಕು. ಅದು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅದನ್ನು ಓದಿ ವಿವರಿಸಬೇಕು. ಎಲ್ಲ ಖರ್ಚೂ ಸೇರಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತದೆ ಎಂಬ ಅಂಕಿ ಅದರಲ್ಲಿರಬೇಕು. ಒಪ್ಪಲು ಕನಿಷ್ಠ ಮೂರು ಕೆಲಸದ ದಿನಗಳ ಅವಕಾಶವೂ ಇದೆ. ಆದ್ದರಿಂದ "ಇವತ್ತೇ ಸಹಿ ಹಾಕಿ" ಎಂದರೆ ಹಾಕಬೇಡಿ. ನಿಮಗೆ ತಿಳಿಯುವುದು ಕನ್ನಡವಾದರೆ ಕನ್ನಡದಲ್ಲೇ ಕೇಳಿ. ಪತ್ರವನ್ನು ಮನೆಗೆ ತಂದು ಲೆಕ್ಕ ಬಲ್ಲವರಿಗೆ ತೋರಿಸಿ. ಇಬ್ಬರ ಪತ್ರಗಳನ್ನು ಪಕ್ಕಪಕ್ಕ ಇಟ್ಟು ಆ ಒಂದು ಅಂಕಿಯನ್ನು ಹೋಲಿಸಿ.

ಬೆಲೆಯ ಪಟ್ಟಿಯೂ ಹೊಸದಿರಲಿ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ವಿಮೆಯ ವಿಷಯದಲ್ಲಿ ಒಂದು ಮಾತು ನೆನಪಿರಲಿ: ಮೂರನೆಯವರ ಹಾನಿಯ ವಿಮೆಗೆ 7,500 ಕಿಲೋವರೆಗಿನ ನಾಲ್ಕು ಚಕ್ರದ ಸರಕು ಗಾಡಿಗಳೆಲ್ಲ ಒಂದೇ ದರ್ಜೆ. ಗಾಡಿ ಚಿಕ್ಕದೆಂದು ಆ ಕಂತು ಇಳಿಯುವುದಿಲ್ಲ.

ಈಗ ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಕಂತು 17,000 ಇದ್ದು, ತಿಂಗಳಿಗೆ 20 ದಿನ ಬಾಡಿಗೆ ಸಿಕ್ಕರೆ ದಿನಕ್ಕೆ 850 ರೂಪಾಯಿ ಕಂತಿಗೇ ಹೋಗುತ್ತದೆ. 12 ದಿನ ಮಾತ್ರ ಸಿಕ್ಕರೆ 1,417. ಡೀಸೆಲ್ಲು, ಚಾಲಕರ ಸಂಬಳ, ಟೈರು, ವಿಮೆ ಕಳೆದ ಮೇಲೆ ಅಷ್ಟು ಉಳಿಯಬೇಕು. ಸುಗ್ಗಿಯ ತಿಂಗಳನ್ನು ಹಿಡಿದು ಲೆಕ್ಕ ಹಾಕಬೇಡಿ. ಮಳೆ ಹಿಡಿದು ಮಾಲಿಲ್ಲದ ತಿಂಗಳನ್ನು ಹಿಡಿದು ಹಾಕಿ. ಗಾಡಿ ಮನೆಯ ಮುಂದೆ ನಿಂತರೂ ಕಂತು ನಿಲ್ಲುವುದಿಲ್ಲ. ಕಂತು ತಪ್ಪುತ್ತ ಹೋದರೆ ಗಾಡಿಯೂ ಹೋಗುತ್ತದೆ, ಮುಂಗಡ ಕಟ್ಟಲು ಮಾರಿದ ಎತ್ತು, ಒತ್ತೆಯಿಟ್ಟ ಮನೆಯವರ ಒಡವೆಯೂ ಹಿಂದಿರುಗುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಸಾಲದ ತಿಂಗಳಿನಲ್ಲೂ ಯಾವ ಗಾಡಿ ತನ್ನ ಕಂತನ್ನು ತಾನೇ ದುಡಿದು ಕಟ್ಟೀತೋ ಅದೇ ನಿಮ್ಮ ಗಾಡಿ. ಅದು ಯಾವ ಕಂಪನಿಯದೇ ಆಗಲಿ, ನಿಮ್ಮ ಹೊರೆ ಕ್ಷೇಮವಾಗಿ ಪೇಟೆ ಮುಟ್ಟಲಿ, ನೀವು ಕ್ಷೇಮವಾಗಿ ಮನೆ ಮುಟ್ಟಿರಿ.